ಹಸಿರು ಚಿತ್ರದಲ್ಲಿ ಕೂಲಿಯವರು ಎಲ್ಲಿ? ‘ದಿ ಹೇ ವೇನ್’ ನೋಡುತ್ತಾ ಕಲಿತ ಪಾಠ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಬಳಗದ ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದ್ದೆವು. ಭತ್ತದ ಗದ್ದೆಗೆ ಎಷ್ಟು ಬೇಕೋ ಅಷ್ಟೇ ನೀರು ಬಿಡುವ ಸೆನ್ಸರ್ ವ್ಯವಸ್ಥೆ ಅದು. ರಿವ್ಯೂ ಹಿಂದಿನ ರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಪಿಪಿಟಿ ಮಾಡುವಾಗ ಮೊದಲ ಸ್ಲೈಡಿಗೆ ಒಂದು ಫೋಟೊ ಬೇಕಾಯಿತು. ಹುಡುಕಿದರೆ ಸಿಗದೇ ಇರುತ್ತಾ? ಹಸಿರು ಗದ್ದೆ, ಆಚೆ ತೆಂಗಿನ ಸಾಲು, ಬೆಳಗಿನ ಮಂಜು, ಮೂಲೆಯಲ್ಲಿ ಸೂರ್ಯ. ನಾವು ಪ್ರೈಮರಿ ಶಾಲೆಯಲ್ಲಿ ಬರೆಯುತ್ತಿದ್ದ ‘ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ’ ಚಿತ್ರದ ಎಚ್‌ಡಿ ಆವೃತ್ತಿ ಅಂದುಕೊಳ್ಳಿ.

ಎಲ್ಲರಿಗೂ ಇಷ್ಟವಾಯಿತು. ಬೆಳಿಗ್ಗೆ ಅದನ್ನು ನೋಡಿದ ಮೆಕ್ಯಾನಿಕಲ್‌ನ ಗೆಳತಿಯೊಬ್ಬಳು ಮಾತ್ರ ಹೀಗಂದಳು: “ಚೆನ್ನಾಗಿದೆ ಕಣ್ರೋ. ಆದ್ರೆ ಇದರಲ್ಲಿ ಒಬ್ಬರೂ ಬಗ್ಗಿ ನಿಂತಿಲ್ವಲ್ಲ. ನಂಗೆ ಗದ್ದೆ ಅಂದ್ರೆ ಮೊದಲು ನೆನಪಾಗೋದು ಅಮ್ಮನ ಬೆನ್ನು.”

ಅವಳ ಅಮ್ಮ ಬೇರೆಯವರ ಗದ್ದೆಯಲ್ಲಿ ನಾಟಿಗೆ, ಕಳೆ ಕೀಳೋದಕ್ಕೆ ಕೂಲಿಗೆ ಹೋಗುತ್ತಾರೆ. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಸ್ಲೈಡ್ ಮಾಡುವಾಗ ನೆನಪಾಗಲಿಲ್ಲ.

ಆ ಮಾತು ನಮ್ಮ ಶನಿವಾರದ ಓದು ಕೂಟದ ತನಕ ಬಂತು. ಹಳ್ಳಿ ಅಂದರೆ ಹಸಿರು, ಶಾಂತಿ, ಸೌಂದರ್ಯ ಅಂತ ತೋರಿಸುವ ಚಿತ್ರಗಳಲ್ಲಿ ದುಡಿಯುವವರು ಎಲ್ಲಿ ಹೋಗುತ್ತಾರೆ? ಇದಕ್ಕೆ ಉತ್ತರ ಹುಡುಕಲು ಜಗತ್ತಿನ ತುಂಬಾ ಪ್ರಸಿದ್ಧವಾದ ಒಂದೇ ಒಂದು ಹಳ್ಳಿ ಚಿತ್ರವನ್ನು ತೆಗೆದುಕೊಂಡು ಮೂರು ವಾರ ನೋಡಿದೆವು. ಆ ಮೂರು ವಾರದ ಟಿಪ್ಪಣಿಯೇ ಈ ಲೇಖನ. ಓದುವ ಮುಂಚೆ ಮೊಬೈಲಿನಲ್ಲಿ ‘ದಿ ಹೇ ವೇನ್’ ಅಂತ ಹುಡುಕಿ ಚಿತ್ರ ತೆರೆದಿಟ್ಟುಕೊಳ್ಳಿ. ಝೂಮ್ ಮಾಡುವ ಕೆಲಸ ಇದೆ.

ಮೊದಲು ಚಿತ್ರ ನೋಡೋಣ

ಬರೆದವನು ಜಾನ್ ಕಾನ್‌ಸ್ಟೆಬಲ್. (ಪೊಲೀಸ್ ಅಲ್ಲ, ಮನೆತನದ ಹೆಸರೇ ಹಾಗೆ.) ಬರೆದ ವರ್ಷ 1821. ಅಗಲ ಸುಮಾರು 185 ಸೆಂ.ಮೀ., ಎತ್ತರ ಸುಮಾರು 130 ಸೆಂ.ಮೀ. ಅಂದರೆ ನಮ್ಮ ಹಾಸ್ಟೆಲ್ ಮಂಚದಷ್ಟು ಉದ್ದದ ಎಣ್ಣೆಬಣ್ಣದ ಚಿತ್ರ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ‘ಹೇ ವೇನ್’ ಅಂದರೆ ಒಣಹುಲ್ಲು ಸಾಗಿಸುವ ಬಂಡಿ.

ಇಂಗ್ಲೆಂಡಿನ ಪೂರ್ವಕ್ಕೆ ಸಫೋಕ್ ಮತ್ತು ಎಸೆಕ್ಸ್ ಎಂಬ ಎರಡು ಸೀಮೆಗಳ ಗಡಿಯಲ್ಲಿ ಸ್ಟೂರ್ ಎಂಬ ನದಿ ಹರಿಯುತ್ತದೆ. ಚಿತ್ರದಲ್ಲಿರುವುದು ಆ ನದಿಯ ಫ್ಲಾಟ್‌ಫರ್ಡ್ ಎಂಬ ಜಾಗ. ಎಡಕ್ಕೆ ಹೆಂಚಿನ ಮನೆ, ಅದು ವಿಲ್ಲಿ ಲಾಟ್ ಎಂಬ ಗೇಣಿ ರೈತನದ್ದು. ನಡುವೆ ಆಳವಿಲ್ಲದ ನೀರಿನಲ್ಲಿ ಮೂರು ಕುದುರೆ ಕಟ್ಟಿದ ಬಂಡಿ, ಅದರ ಮೇಲೆ ಇಬ್ಬರು. ದಡದಲ್ಲಿ ಒಂದು ನಾಯಿ. ಮನೆಯ ಪಕ್ಕ ನೀರಿನ ಹತ್ತಿರ ಒಬ್ಬ ಹೆಂಗಸು. ಮೇಲೆ ಮೋಡ ತುಂಬಿದ ದೊಡ್ಡ ಆಕಾಶ.

ಈಗ ಬಂಡಿ ನೋಡಿ. ಖಾಲಿ ಇದೆ. ಹುಲ್ಲು ತುಂಬಿಕೊಂಡು ಬರಲು ಹೊರಟಿದೆ. ಹಾಗಾದರೆ ಹುಲ್ಲು ಎಲ್ಲಿ? ಬಲಕ್ಕೆ, ಮರಗಳ ಆಚೆ, ಬಿಸಿಲು ಬಿದ್ದ ಬಯಲನ್ನು ಝೂಮ್ ಮಾಡಿ. ಸಣ್ಣ ಸಣ್ಣ ಬಿಳಿ ಚುಕ್ಕಿಗಳು ಕಾಣುತ್ತವೆ. ಅವೇ ಹುಲ್ಲು ಕೊಯ್ಯುವವರು, ಬಂಡಿಗೆ ತುಂಬುವವರು.

ನಮ್ಮಲ್ಲಿ ಹೆಚ್ಚಿನವರಿಗೆ ಮೊದಲ ವಾರ ಈ ಚುಕ್ಕಿಗಳು ಕಂಡಿರಲೇ ಇಲ್ಲ. ನಾಯಿ ಎಲ್ಲರಿಗೂ ಕಂಡಿತ್ತು! ಚಿತ್ರದ ಹೆಸರೇ ಹುಲ್ಲಿನ ಬಂಡಿ, ಆದರೆ ಹುಲ್ಲಿನ ಕೆಲಸ ಮಾಡುವವರು ನಾಯಿಗಿಂತ ಚಿಕ್ಕದಾಗಿದ್ದಾರೆ. ದೂರ ಇದ್ದದ್ದು ಚಿಕ್ಕದಾಗಿ ಕಾಣುತ್ತದೆ, ಅದು ಪರ್‌ಸ್ಪೆಕ್ಟಿವ್, ಮೊದಲ ವರ್ಷದ ಗ್ರಾಫಿಕ್ಸ್ ಕ್ಲಾಸಿನಲ್ಲೇ ಕಲಿತಿದ್ದೇವೆ. ಸರಿ. ಆದರೆ ನೋಡುವವನು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಪರ್‌ಸ್ಪೆಕ್ಟಿವ್ ತೀರ್ಮಾನ ಮಾಡುವುದಿಲ್ಲ. ಅದನ್ನು ಬರೆಯುವವನು ತೀರ್ಮಾನಿಸುತ್ತಾನೆ.

ಈ ನೋಟ ಯಾರದ್ದು?

ಕಾನ್‌ಸ್ಟೆಬಲ್ ಹುಟ್ಟಿದ್ದು 1776ರಲ್ಲಿ, ಫ್ಲಾಟ್‌ಫರ್ಡ್ ಪಕ್ಕದ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ. ಅಪ್ಪ ಗೋಲ್ಡಿಂಗ್ ಕಾನ್‌ಸ್ಟೆಬಲ್ ಧಾನ್ಯದ ವ್ಯಾಪಾರಿ. ಫ್ಲಾಟ್‌ಫರ್ಡಿನ ನೀರಿನ ಗಿರಣಿಯನ್ನು ಈ ಮನೆತನ ಸುಮಾರು 100 ವರ್ಷ ನಡೆಸಿತು. ಗಿರಣಿಯ ಹಿಟ್ಟು ದೋಣಿಯಲ್ಲಿ ನದಿ ಇಳಿದು, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. ವಾಪಸ್ ಬರುವಾಗ ಕಲ್ಲಿದ್ದಲಿನಂಥ ಸರಕು ಬರುತ್ತಿತ್ತು.

ಸಿವಿಲ್‌ನವರು ಇಲ್ಲಿ ಸ್ವಲ್ಪ ನಿಲ್ಲಿ. ಸ್ಟೂರ್ ಆಗ ಬರೀ ‘ಪ್ರಕೃತಿ ಸೌಂದರ್ಯ’ ಆಗಿರಲಿಲ್ಲ. ದೋಣಿ ಓಡಿಸಲೆಂದು ಲಾಕ್ ಗೇಟುಗಳನ್ನು ಕಟ್ಟಿ, ನೀರಿನ ಮಟ್ಟ ಕಾಯ್ದುಕೊಂಡು, ದಡದಲ್ಲಿ ಕುದುರೆ ನಡೆಯುವ ದಾರಿ ಮಾಡಿ ಇಟ್ಟಿದ್ದ ಸರಕು ಸಾಗಣೆಯ ಮಾರ್ಗ ಅದು. ದೋಣಿಗಳನ್ನು ಎಳೆಯುತ್ತಿದ್ದದ್ದು ಕುದುರೆಗಳು. ಆ ದಾರಿ ಒಂದು ದಡದಲ್ಲಿ ಮುಗಿದು ಇನ್ನೊಂದು ದಡದಲ್ಲಿ ಶುರುವಾಗುವ ಕಡೆ ಕುದುರೆಯನ್ನೇ ದೋಣಿ ಹತ್ತಿಸಿ ದಾಟಿಸಬೇಕಿತ್ತು. ಕಾನ್‌ಸ್ಟೆಬಲ್‌ನ 1819ರ ‘ದಿ ವೈಟ್ ಹಾರ್ಸ್’ ಚಿತ್ರದಲ್ಲಿ ಇರುವುದು ಇದೇ.

ಅಂದರೆ ನಾವು ‘ಹಳ್ಳಿ’ ಅಂತ ನೋಡುವ ಈ ಜಾಗ ಚಿತ್ರಕಾರನ ಮನೆಯ ಬಿಸಿನೆಸ್ ಜಾಗ. ಅವನು ಚಿತ್ರ ಬರೆದದ್ದಾದರೂ ಅಲ್ಲಿ ಕೂತಲ್ಲ. ಹಿಂದಿನ ವರ್ಷಗಳಲ್ಲಿ ಮಾಡಿಟ್ಟುಕೊಂಡಿದ್ದ ಸ್ಕೆಚ್ಚುಗಳನ್ನು ಇಟ್ಟುಕೊಂಡು ಲಂಡನ್ನಿನ ಸ್ಟುಡಿಯೋದಲ್ಲಿ ಬರೆದ. ಬಂಡಿಯ ವಿವರ ಸರಿಯಾಗಿ ಬರಲೆಂದು ಊರಿನಿಂದ ಬಂಡಿಯ ಸ್ಕೆಚ್ ಮಾಡಿಸಿ ತರಿಸಿಕೊಂಡ. ಬಂಡಿಯ ಬಗ್ಗೆ ಅಷ್ಟು ಎಚ್ಚರ ವಹಿಸಿದವನು ಅದನ್ನು ತುಂಬುವವರನ್ನು ಮಾತ್ರ ಚುಕ್ಕಿಯಾಗಿ ಬಿಟ್ಟ.

ಅದೇ ನದಿ, 70 ವರ್ಷ ಹಿಂದೆ

ಇದು ಕಾನ್‌ಸ್ಟೆಬಲ್ ಶುರು ಮಾಡಿದ ಪದ್ಧತಿಯೇನಲ್ಲ. ಅದೇ ಸ್ಟೂರ್ ನದಿಯ ಮೇಲ್ಭಾಗದಲ್ಲಿ ಸಡ್‌ಬರಿ ಎಂಬ ಊರಿದೆ. ಅಲ್ಲಿ ಹುಟ್ಟಿದ ಥಾಮಸ್ ಗೇನ್ಸ್‌ಬರೋ 1750ರ ಸುಮಾರಿಗೆ ‘ಮಿಸ್ಟರ್ ಅಂಡ್ ಮಿಸೆಸ್ ಆಂಡ್ರೂಸ್’ ಎಂಬ ಚಿತ್ರ ಬರೆದ. ಇದನ್ನೂ ತೆರೆದು ನೋಡಿ. ಎಡಕ್ಕೆ ಹೊಸದಾಗಿ ಮದುವೆಯಾದ ಜಮೀನುದಾರ ದಂಪತಿ. ಅವನ ಕಂಕುಳಲ್ಲಿ ಬಂದೂಕು, ಅವಳ ಮೈಮೇಲೆ ಹೊಳೆಯುವ ನೀಲಿ ರೇಷ್ಮೆ. ಬಲಕ್ಕೆ ಚಿತ್ರದ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಅವರ ಜಮೀನು.

ಆ ಹೊಲದಲ್ಲಿ ಕೊಯ್ದ ಪೈರಿನ ಸಿವುಡುಗಳನ್ನು ನಿಲ್ಲಿಸಿದ್ದಾರೆ. ಕೂಳೆ ನೇರ ಸಾಲಿನಲ್ಲಿದೆ. ಕೈಯಲ್ಲಿ ಬೀಜ ಎರಚಿದರೆ ಹೀಗೆ ಸಾಲು ಬರಲ್ಲ. ಅಂದರೆ ಬಿತ್ತುವ ಯಂತ್ರ ಬಳಸಿದ್ದಾರೆ, ನಮ್ಮ ಕೂರಿಗೆ ಸಾಲು ಹೊಡೆಯುವ ಹಾಗೆ. ಆ ಕಾಲದ ಇಂಗ್ಲೆಂಡಿಗೆ ಅದು ಹೊಸ ತಂತ್ರಜ್ಞಾನ. ಜಮೀನುದಾರ ತಾನು ಮಾಡರ್ನ್ ಅಂತ ತೋರಿಸಿಕೊಳ್ಳುತ್ತಿದ್ದಾನೆ.

ಬಿತ್ತಿದ್ದಾಗಿದೆ, ಕೊಯ್ದದ್ದಾಗಿದೆ, ಕಟ್ಟಿದ್ದಾಗಿದೆ. ಮಾಡಿದವರು ಒಬ್ಬರೂ ಇಲ್ಲ. ಎಲ್ಲಾ ತಾನಾಗಿಯೇ ಆದ ಹಾಗಿದೆ. ಜಾನ್ ಬರ್ಜರ್ 1972ರಲ್ಲಿ ಬಿಬಿಸಿಯ ‘ವೇಸ್ ಆಫ್ ಸೀಯಿಂಗ್’ ಸರಣಿಯಲ್ಲಿ ಈ ಚಿತ್ರವನ್ನು ಎತ್ತಿಕೊಂಡು, ಇವರು ಪ್ರಕೃತಿ ಪ್ರೇಮಿಗಳಷ್ಟೇ ಅಲ್ಲ, ಜಮೀನಿನ ಒಡೆಯರು, ಆ ಒಡೆತನ ಅವರ ನಿಲುವಿನಲ್ಲೇ ಕಾಣುತ್ತದೆ ಎಂದು ವಾದಿಸಿದ. ಅದಕ್ಕೆ ವಿರೋಧವೂ ಬಂತು. ಚಿತ್ರವನ್ನು ಚಿತ್ರವಾಗಿ ನೋಡಬಾರದೇ ಎಂದು ಕೇಳಿದವರಿದ್ದರು. ನಮ್ಮ ಕೂಟದಲ್ಲೂ ಇದೇ ಜಗಳ ಆಯಿತು. ಅದಕ್ಕೆ ಆಮೇಲೆ ಬರುತ್ತೇವೆ.

ಜಾನ್ ಬ್ಯಾರೆಲ್ ಎಂಬ ವಿದ್ವಾಂಸ 1980ರಲ್ಲಿ ‘ದಿ ಡಾರ್ಕ್ ಸೈಡ್ ಆಫ್ ದಿ ಲ್ಯಾಂಡ್‌ಸ್ಕೇಪ್’ ಎಂಬ ಪುಸ್ತಕ ಬರೆದ. 1730ರಿಂದ 1840ರವರೆಗಿನ ಇಂಗ್ಲಿಷ್ ಚಿತ್ರಗಳಲ್ಲಿ ಹಳ್ಳಿಯ ಬಡವರನ್ನು ಹೇಗೆ ಇಟ್ಟಿದ್ದಾರೆ ಅನ್ನುವುದೇ ಅದರ ವಿಷಯ. ಅವನ ವಾದ ಸರಳ ಮಾಡಿ ಹೇಳುವುದಾದರೆ: ಬಡವರು ಚಿತ್ರದಲ್ಲಿ ಇರಬಹುದು, ಆದರೆ ನೋಡುವವನ ಮನಸ್ಸಿಗೆ ತೊಂದರೆ ಕೊಡಬಾರದು. ಅದಕ್ಕೆ ಅವರನ್ನು ನೆರಳಿನಲ್ಲಿ ಇಡುತ್ತಾರೆ, ಇಲ್ಲವೇ ಖುಷಿಯಾಗಿ ದುಡಿಯುವಂತೆ ತೋರಿಸುತ್ತಾರೆ, ಇಲ್ಲವೇ ದೂರ ಕಳಿಸುತ್ತಾರೆ. ಜಾರ್ಜ್ ಸ್ಟಬ್ಸ್ 1785ರಲ್ಲಿ ಬರೆದ ‘ರೀಪರ್ಸ್’ ನೋಡಿ. ಕೊಯ್ಲು ಮಾಡುವವರ ಬಟ್ಟೆಯಲ್ಲಿ ಒಂದು ಕೊಳೆ ಇಲ್ಲ, ಮುಖದಲ್ಲಿ ಬೆವರಿಲ್ಲ. ಪಕ್ಕದಲ್ಲಿ ಕುದುರೆ ಮೇಲೆ ಕೂತ ಮೇಲ್ವಿಚಾರಕ ಮಾತ್ರ ಇದ್ದಾನೆ.

ಬೇಲಿ, ಹಕ್ಕಲು, ಒಕ್ಕಣೆ ಯಂತ್ರ

ಚಿತ್ರದಲ್ಲಿ ಶಾಂತಿ ಇದೆ. ಹೊರಗೆ ಏನಿತ್ತು? ಮೂರು ವಿಷಯ ತಿಳಿದಿರಬೇಕು.

ಒಂದು, ಬೇಲಿ. ನಮ್ಮಲ್ಲಿ ಗೋಮಾಳ ಇದ್ದ ಹಾಗೆ ಇಂಗ್ಲೆಂಡಿನ ಹಳ್ಳಿಗಳಲ್ಲೂ ಊರೊಟ್ಟಿನ ಜಾಗ ಇರುತ್ತಿತ್ತು. ಬಡವರು ಅಲ್ಲಿ ಒಂದು ಹಸು ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು. ಪಾರ್ಲಿಮೆಂಟ್ ಕಾಯ್ದೆಗಳ ಮೂಲಕ ಇಂಥ ಜಾಗಗಳಿಗೆ ಬೇಲಿ ಬಿದ್ದು ಖಾಸಗಿಯಾದವು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾಯ್ದೆಗಳಾದವು. ಅವುಗಳ ವ್ಯಾಪ್ತಿಗೆ ಬಂದದ್ದು ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗ. ಹಸು ಕಟ್ಟಿಕೊಂಡು ಹೇಗೋ ಬದುಕುತ್ತಿದ್ದವನಿಗೆ ಈಗ ಕೂಲಿ ಬಿಟ್ಟರೆ ಬೇರೆ ದಾರಿ ಇಲ್ಲ.

ಎರಡು, ಹಕ್ಕಲು. ಕೊಯ್ಲಾದ ಮೇಲೆ ಹೊಲದಲ್ಲಿ ಉದುರಿದ ತೆನೆ ಆಯ್ದುಕೊಳ್ಳುವುದಕ್ಕೆ ನಮ್ಮ ಕಡೆ ಹಕ್ಕಲಾಯುವುದು ಅನ್ನುತ್ತೇವೆ. ಇಂಗ್ಲೆಂಡಿನ ಬಡ ಹೆಂಗಸರು, ಮಕ್ಕಳೂ ಇದನ್ನು ಮಾಡುತ್ತಿದ್ದರು. ಸಫೋಕ್‌ನಲ್ಲೇ ಟಿಮ್‌ವರ್ತ್ ಎಂಬ ಹಳ್ಳಿಯಲ್ಲಿ ಮೇರಿ ಹೌಟನ್ ಎಂಬಾಕೆ ಹಕ್ಕಲಾಯ್ದದ್ದಕ್ಕೆ ಕೇಸು ನಡೆಯಿತು. 1788ರಲ್ಲಿ ಕೋರ್ಟು, ಹಕ್ಕಲಾಯುವುದು ಕಾನೂನಿನ ಪ್ರಕಾರ ಯಾರ ಹಕ್ಕೂ ಅಲ್ಲ ಎಂದು ತೀರ್ಪು ಕೊಟ್ಟಿತು. ಆಮೇಲೂ ಅದು ರೂಢಿಯಾಗಿ ನಡೆಯಿತು. ಆದರೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೂರು, ಯಂತ್ರ. ಇದು ನಮ್ಮ ಡಿಪಾರ್ಟ್‌ಮೆಂಟಿನ ವಿಷಯ. ಸ್ಕಾಟ್ಲೆಂಡಿನ ಆಂಡ್ರೂ ಮೀಕಲ್ 1786ರ ಸುಮಾರಿಗೆ ಒಕ್ಕಣೆ ಯಂತ್ರ ಮಾಡಿದ. ತಿರುಗುವ ಡ್ರಮ್ಮು ತೆನೆಯಿಂದ ಕಾಳು ಬಿಡಿಸುತ್ತದೆ. ಒಳ್ಳೆಯ ಇಂಜಿನಿಯರಿಂಗ್. ಆದರೆ ಅದಕ್ಕೂ ಮುಂಚೆ ಒಕ್ಕಣೆ ಅಂದರೆ ಚಳಿಗಾಲವಿಡೀ ಕಣಜದ ಕೊಟ್ಟಿಗೆಯಲ್ಲಿ ಕೋಲಿನಿಂದ ಬಡಿದು ಕಾಳು ಬಿಡಿಸುವ ಕೆಲಸ. ಹೊಲದಲ್ಲಿ ಬೇರೇನೂ ಕೆಲಸ ಇಲ್ಲದ ತಿಂಗಳುಗಳಲ್ಲಿ ಕೂಲಿಯವನ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಅದರಿಂದ.

1815ರಲ್ಲಿ ನೆಪೋಲಿಯನ್ ಯುದ್ಧ ಮುಗಿಯಿತು. ಸೈನಿಕರು ಕೆಲಸ ಹುಡುಕಿಕೊಂಡು ವಾಪಸ್ ಬಂದರು. ಧಾನ್ಯದ ಬೆಲೆ ಬಿತ್ತು, ಕೂಲಿಯೂ ಇಳಿಯಿತು. ಜಮೀನುದಾರರೇ ತುಂಬಿದ್ದ ಪಾರ್ಲಿಮೆಂಟ್ ಅದೇ ವರ್ಷ, ಗೋಧಿ ಬೆಲೆ ಕ್ವಾರ್ಟರ್‌ಗೆ 80 ಶಿಲ್ಲಿಂಗ್ ಮುಟ್ಟುವ ತನಕ ಹೊರದೇಶದ ಗೋಧಿ ಮಾರುವಂತಿಲ್ಲ ಎಂಬ ಕಾನೂನು ಮಾಡಿತು. ಬೆಳೆ ಮಾರುವವನಿಗೆ ರಕ್ಷಣೆ, ಬ್ರೆಡ್ ಕೊಳ್ಳುವವನಿಗೆ ಹೊರೆ. 1816ರಲ್ಲಿ ಪೂರ್ವ ಇಂಗ್ಲೆಂಡಿನಲ್ಲಿ ದಂಗೆಯೆದ್ದಿತು. ಲಿಟಲ್‌ಪೋರ್ಟ್ ಮತ್ತು ಈಲಿ ಊರುಗಳ ಗಲಭೆಗಾಗಿ 5 ಜನರನ್ನು ಗಲ್ಲಿಗೇರಿಸಿದರು. 1822ರಲ್ಲಿ ನಾರ್ಫೋಕ್, ಸಫೋಕ್‌ಗಳಲ್ಲಿ ಜನ ಒಕ್ಕಣೆ ಯಂತ್ರಗಳನ್ನು ಒಡೆದರು. 1830ರ ಆಗಸ್ಟಿನಲ್ಲಿ ಕೆಂಟ್‌ನಲ್ಲಿ ಶುರುವಾದ ಯಂತ್ರ ಒಡೆಯುವ ಚಳವಳಿ ದಕ್ಷಿಣ ಇಂಗ್ಲೆಂಡಿನ ತುಂಬಾ ಹಬ್ಬಿತು. ‘ಕ್ಯಾಪ್ಟನ್ ಸ್ವಿಂಗ್’ ಎಂಬ ಸುಳ್ಳು ಹೆಸರಿನಲ್ಲಿ ಜಮೀನುದಾರರಿಗೆ ಬೆದರಿಕೆ ಪತ್ರಗಳು ಹೋದವು. ಕೊನೆಗೆ 19 ಜನರನ್ನು ಗಲ್ಲಿಗೇರಿಸಿದರು, ಸುಮಾರು 500 ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು.

ಈಗ ‘ಹೇ ವೇನ್’ ಬರೆದ ವರ್ಷ ನೆನಪಿಸಿಕೊಳ್ಳಿ. 1821. ಎರಡು ದಂಗೆಗಳ ನಡುವೆ.

ತಿಪ್ಪೆಯಿಂದ ಚುಕ್ಕಿಗೆ

ಕಾನ್‌ಸ್ಟೆಬಲ್‌ಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವನ ತಮ್ಮ ಏಬ್ರಾಮ್ ಊರಿನಲ್ಲೇ ಇದ್ದು ಮನೆಯ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಸಫೋಕ್‌ನಲ್ಲಿ ಪರಿಸ್ಥಿತಿ ಕೆಟ್ಟಿದೆ, ಹತ್ತಿರವೋ ದೂರವೋ ಬೆಂಕಿ ಕಾಣದ ರಾತ್ರಿಯೇ ಇಲ್ಲ ಎಂದು ಅವನು ತಿಳಿಸಿದ್ದನ್ನು ಕಾನ್‌ಸ್ಟೆಬಲ್ 1822ರಲ್ಲಿ ತನ್ನ ಸ್ನೇಹಿತ ಜಾನ್ ಫಿಶರ್‌ಗೆ ಪತ್ರದಲ್ಲಿ ಬರೆದಿದ್ದಾನೆ. ಹಾಗಂತ ಅವನು ಕೂಲಿಯವರ ಪರ ಇರಲಿಲ್ಲ. ಹೆಚ್ಚು ಜನರಿಗೆ ಮತದಾನದ ಹಕ್ಕು ಕೊಡುವ 1830ರ ದಶಕದ ಸುಧಾರಣಾ ಮಸೂದೆಯನ್ನು ವಿರೋಧಿಸಿದವನು ಅವನು.

ಇಷ್ಟಕ್ಕೇ ಅವನನ್ನು ‘ಸಾಹುಕಾರನ ಮಗ’ ಎಂದು ಬದಿಗೆ ಸರಿಸಿದರೆ ನಮ್ಮ ಪಾಠ ಅರ್ಧವಾಗುತ್ತದೆ. ಯಾಕೆಂದರೆ ಕೆಲಸ ಹೇಗಿರುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. 1814-15ರಲ್ಲಿ ಅವನು ಬರೆದ ‘ಸ್ಟೂರ್ ವ್ಯಾಲಿ ಅಂಡ್ ಡೆಡಮ್ ವಿಲೇಜ್’ ಈಗ ಅಮೆರಿಕದ ಬಾಸ್ಟನ್ನಿನಲ್ಲಿದೆ. ಊರಿನ ಜಮೀನುದಾರರ ಮಗಳ ಮದುವೆಗೆ ಉಡುಗೊರೆ ಕೊಡಲೆಂದು ಬರೆಸಿದ ಚಿತ್ರ ಅದು. ಅದರಲ್ಲಿ ಎದುರಿಗೇ ಏನಿದೆ ಗೊತ್ತಾ? ತಿಪ್ಪೆ! ಆಳುಗಳು ಗೊಬ್ಬರ ತೋಡುತ್ತಿದ್ದಾರೆ. ಮದುವೆ ಉಡುಗೊರೆಯಲ್ಲಿ ತಿಪ್ಪೆ ಬರೆಯುವ ಧೈರ್ಯ ಅವನಿಗಿತ್ತು. 1815ರ ‘ಬೋಟ್ ಬಿಲ್ಡಿಂಗ್’ ಚಿತ್ರದಲ್ಲಿ ಫ್ಲಾಟ್‌ಫರ್ಡಿನಲ್ಲಿ ದೋಣಿ ಕಟ್ಟುವ ಕೆಲಸ ಇದೆ. 1824ರ ‘ದಿ ಲಾಕ್’ನಲ್ಲಿ ಲಾಕ್ ಗೇಟು ತೆರೆಯಲು ಮೈಯೆಲ್ಲಾ ಬಲ ಹಾಕುತ್ತಿರುವ ಒಬ್ಬ ಆಳು ಚಿತ್ರದ ನಟ್ಟನಡುವೆ ಇದ್ದಾನೆ.

ಇವುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಒಂದು ವಿಷಯ ಕಂಡಿತು. ದೋಣಿ, ಲಾಕ್, ಗಿರಣಿ, ಅಂದರೆ ಅಪ್ಪನ ವ್ಯಾಪಾರಕ್ಕೆ ಸೇರಿದ ಕೆಲಸದವರು ಹತ್ತಿರ ಕಾಣುತ್ತಾರೆ. ದಂಗೆಗಳು ಶುರುವಾದ ಮೇಲಿನ ದೊಡ್ಡ ಚಿತ್ರಗಳಲ್ಲಿ ಹೊಲದ ಕೂಲಿಯವರು ಮಾತ್ರ ದೂರ ಸರಿದು ಚಿಕ್ಕವರಾಗುತ್ತಾರೆ. ಬ್ಯಾರೆಲ್ ಕೂಡ ಕಾನ್‌ಸ್ಟೆಬಲ್‌ನ ಚಿತ್ರಗಳಲ್ಲಿನ ಈ ದೂರದ ಬಗ್ಗೆಯೇ ಬರೆಯುತ್ತಾನೆ. ಇದು ಬೇಕಂತಲೇ ಮುಚ್ಚಿಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಬಾಲ್ಯದ ಊರನ್ನು ಲಂಡನ್ನಿನಲ್ಲಿ ಕೂತು ನೆನೆಯುವವನಿಗೆ ಆ ಊರು ಮೊದಲಿನ ಹಾಗೇ ಇರಬೇಕು ಅನ್ನಿಸುವುದು ಸಹಜ. ಬೆಂಗಳೂರಿನಲ್ಲಿ ಕೂತು ಊರಿನ ಫೋಟೊ ಸ್ಟೇಟಸ್ ಹಾಕುವ ನಮಗೂ ಅದು ಗೊತ್ತು.

‘ಹೇ ವೇನ್’ 1821ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಮಾರಾಟವಾಗಲಿಲ್ಲ. 1824ರಲ್ಲಿ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಪಡೆಯಿತು. 1886ರಲ್ಲಿ ನ್ಯಾಷನಲ್ ಗ್ಯಾಲರಿಗೆ ಬಂತು. ಆಮೇಲೆ ಟ್ರೇ, ಕ್ಯಾಲೆಂಡರು, ಬಿಸ್ಕತ್ ಡಬ್ಬಿಗಳ ಮೇಲೆಲ್ಲ ಹತ್ತಿ ‘ಇಂಗ್ಲೆಂಡಿನ ಹಳ್ಳಿ ಅಂದರೆ ಇದು’ ಅನ್ನುವಂತಾಯಿತು. ಬಿಸ್ಕತ್ ಡಬ್ಬಿಯ ಅಳತೆಗೆ ಬಂದಾಗ ಆ ಬಿಳಿ ಚುಕ್ಕಿಗಳೂ ಮಾಯ.

ಬಗ್ಗಿದವರನ್ನು ಮುಂದೆ ತಂದವನು

ಬೇರೆ ತರಹ ಬರೆಯಲು ಸಾಧ್ಯವಿತ್ತೇ? ಫ್ರಾನ್ಸಿನ ಜಾನ್ ಫ್ರಾಂಸ್ವಾ ಮಿಲೆ 1857ರಲ್ಲಿ ‘ದಿ ಗ್ಲೀನರ್ಸ್’ ಬರೆದ. ಹಕ್ಕಲಾಯುವವರು. ಮಿಲೆ ರೈತರ ಮನೆಯಲ್ಲಿ ಹುಟ್ಟಿದವನು. ಚಿತ್ರದಲ್ಲಿ ಮೂವರು ಹೆಂಗಸರು ಎದುರಿಗೇ, ದೊಡ್ಡದಾಗಿ ಇದ್ದಾರೆ. ಇಬ್ಬರು ಪೂರ್ತಿ ಬಗ್ಗಿದ್ದಾರೆ, ಮೂರನೆಯವಳು ಅರ್ಧ ಬಗ್ಗಿದ್ದಾಳೆ. ಹಿಂದೆ ದೂರದಲ್ಲಿ ಬಂಡಿ, ಬಣವೆ, ಭರ್ಜರಿ ಕೊಯ್ಲು. ಇನ್ನೂ ದೂರದಲ್ಲಿ ಕುದುರೆ ಮೇಲೆ ಮೇಲ್ವಿಚಾರಕ, ಚುಕ್ಕಿಯಷ್ಟು.

ಸಾಮಗ್ರಿ ಹೆಚ್ಚುಕಡಿಮೆ ಅದೇ. ಬಂಡಿ, ಬಯಲು, ಬಿಸಿಲು, ಆಕಾಶ. ಯಾರು ಹತ್ತಿರ, ಯಾರು ದೂರ ಅನ್ನುವುದು ತಲೆಕೆಳಗಾಗಿದೆ. 1848ರ ಕ್ರಾಂತಿ ಕಂಡು ಇನ್ನೂ ಹತ್ತು ವರ್ಷ ಆಗಿರದ ಪ್ಯಾರಿಸ್ಸಿನ ಮೇಲ್ವರ್ಗದ ಹಲವರಿಗೆ ಈ ಚಿತ್ರ ಹಿಡಿಸಲಿಲ್ಲ. ಮೂವರು ಬಡ ಹೆಂಗಸರು ತೆನೆ ಆಯ್ದರೆ ಹೆದರುವಂಥದ್ದೇನಿದೆ? ಇಷ್ಟು ಹತ್ತಿರದಿಂದ ನೋಡಬೇಕಾಗಿ ಬಂದದ್ದೇ ಅವರಿಗೆ ಕಷ್ಟವಾಯಿತು ಅಂತ ಕಾಣುತ್ತೆ.

ಈ ಚಿತ್ರ ತೋರಿಸಿದಾಗ ನಮ್ಮ ಗೆಳತಿ ಸುಮ್ಮನೆ ಬಹಳ ಹೊತ್ತು ನೋಡಿದಳು. “ಇವನಿಗೆ ಸೊಂಟ ನೋವು ಗೊತ್ತು,” ಅಂದಳು.

ಒಂಬತ್ತನೇ ಸ್ಲೈಡು

ಮಧ್ಯದಲ್ಲಿ ಬಿಟ್ಟ ಜಗಳಕ್ಕೆ ಬರೋಣ. ಹಾಗಾದರೆ ‘ಹೇ ವೇನ್’ ಚೆನ್ನಾಗಿಲ್ಲವೇ? ನೋಡಬಾರದೇ? ನಮ್ಮ ಕೂಟದಲ್ಲಿ ಒಮ್ಮತ ಬರಲಿಲ್ಲ. ಹೆಚ್ಚಿನವರು ಒಪ್ಪಿದ್ದು ಇಷ್ಟು: ಆ ಮೋಡ, ಆ ನೀರು ನಿಜಕ್ಕೂ ಅದ್ಭುತ. ಅದನ್ನು ಮೆಚ್ಚಿಕೊಂಡೇ ಆ ಬಿಳಿ ಚುಕ್ಕಿಗಳನ್ನೂ ಹುಡುಕಬಹುದು. ಎರಡನ್ನೂ ಮಾಡಲು ಯಾರೂ ತಡೆಯುವುದಿಲ್ಲ.

ಆದರೆ ನಮ್ಮನ್ನು ಕಾಡಿದ್ದು ನಮ್ಮದೇ ಪಿಪಿಟಿ. ಮೊದಲ ಸ್ಲೈಡಿನಲ್ಲಿ ಜನ ಇಲ್ಲದ ಗದ್ದೆ. ಒಂಬತ್ತನೇ ಸ್ಲೈಡಿನಲ್ಲಿ ‘ಲಾಭಗಳು’ ಎಂಬ ಪಟ್ಟಿ. ಅದರಲ್ಲಿ ಎರಡನೇ ಸಾಲು: ‘ಕೂಲಿ ವೆಚ್ಚದ ಉಳಿತಾಯ’. ಮೊದಲ ಸ್ಲೈಡಿನಲ್ಲಿ ಯಾರೂ ಇಲ್ಲದ್ದರಿಂದ ಒಂಬತ್ತನೆಯದರಲ್ಲಿ ಯಾರ ಕೂಲಿ ಉಳಿಯುತ್ತಿದೆ ಅಂತ ಕೇಳುವ ಪ್ರಸಂಗವೇ ಬರಲಿಲ್ಲ. ಗದ್ದೆಗೆ ನೀರು ಬಿಡುವವನಿಗೆ ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಅಂತ ಹೆಸರೇ ಇದೆ. ನಮ್ಮ ರಿಪೋರ್ಟಿನ 40 ಪುಟಗಳಲ್ಲಿ ಆ ಪದ ಒಂದು ಸಲವೂ ಬಂದಿಲ್ಲ.

ಯಂತ್ರ ಬೇಡ ಅಂತ ನಾವು ಹೇಳುತ್ತಿಲ್ಲ. ನೀರು ಉಳಿಸಲೇಬೇಕು. ಸೊಂಟ ಮುರಿಯುವ ಕೆಲಸ ಯಾರಿಗೂ ಬೇಡ, ಗೆಳತಿಯ ಅಮ್ಮನಿಗಂತೂ ಮೊದಲೇ ಬೇಡ. ಆದರೆ ಮೀಕಲ್‌ನ ಯಂತ್ರ ಉಳಿಸಿದ ಶ್ರಮ ಚಳಿಗಾಲದಲ್ಲಿ ಯಾರದೋ ಊಟವೂ ಆಗಿತ್ತು. ಯಂತ್ರ ತಂದವರು ಅದಕ್ಕೆ ಬದಲಿ ಏನು ಅಂತ ಕೇಳಲಿಲ್ಲ. ಕೇಳದೇ ಇರಲು ಸುಲಭವಾಗುವುದು, ಆ ಜನ ಕಣ್ಣಿಗೆ ಚುಕ್ಕಿಯಾಗಿ ಕಂಡಾಗ.

ರಿವ್ಯೂ ಮುಗಿದು ಮಾರ್ಕ್ಸ್ ಬಂದಾಗಿದೆ. ಈಗ ಫೈನಲ್ ಪ್ರಾಜೆಕ್ಟಿಗೆ ಅದನ್ನೇ ಮುಂದುವರಿಸುತ್ತಿದ್ದೇವೆ. ಹೊಸದಾಗಿ ಒಂದು ಸ್ಲೈಡ್ ಸೇರಿಸಿದ್ದೇವೆ: ‘ಈಗ ಈ ಕೆಲಸ ಮಾಡುತ್ತಿರುವವರು ಯಾರು?’ ಸದ್ಯಕ್ಕೆ ಅದು ಖಾಲಿ ಇದೆ. ರಜೆಯಲ್ಲಿ ಗೆಳತಿಯ ಊರಿಗೆ ಹೋಗಿ, ನೀರು ಬಿಡುವವರ ಜೊತೆ, ನಾಟಿ ಮಾಡುವವರ ಜೊತೆ ಮಾತಾಡಿ ತುಂಬಬೇಕು.

ನಿಮಗೊಂದು ಅಭ್ಯಾಸ

ಮುಂದಿನ ಸಲ ಹಳ್ಳಿಯ ಸುಂದರ ಚಿತ್ರವೋ ಫೋಟೊವೋ ಜಾಹೀರಾತೋ ಕಂಡಾಗ ಈ ನಾಲ್ಕು ಪ್ರಶ್ನೆ ಕೇಳಿ ನೋಡಿ.

1. ಇಲ್ಲಿ ಕಾಣುವ ಬೆಳೆ, ಬೇಲಿ, ಕಾಲುವೆಯ ಕೆಲಸ ಮಾಡಿದವರು ಚಿತ್ರದಲ್ಲಿ ಇದ್ದಾರಾ? ಇದ್ದರೆ ಎಷ್ಟು ದೊಡ್ಡದಾಗಿ?
2. ನೋಡುವವನು ಎಲ್ಲಿ ನಿಂತಿದ್ದಾನೆ? ಗದ್ದೆಯ ಒಳಗೋ, ರಸ್ತೆಯ ಮೇಲೋ, ಮಾಳಿಗೆಯ ಮೇಲೋ?
3. ಈ ಜಮೀನು ಯಾರದ್ದು? ಚಿತ್ರ ಯಾರಿಗಾಗಿ?
4. ಅದೇ ವರ್ಷ, ಅದೇ ಊರಿನಲ್ಲಿ ಇನ್ನೇನು ನಡೆಯುತ್ತಿತ್ತು?

ಉತ್ತರ ಬರೆದು ಚಿತ್ರದ ಜೊತೆ ನಮ್ಮ ಬಳಗಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ನಿಮ್ಮದೇ ಪ್ರಾಜೆಕ್ಟಿನ ಮೊದಲ ಸ್ಲೈಡ್ ಕಳಿಸಿದರೂ ಆಯ್ತು, ನಮ್ಮದನ್ನು ನಾವೇ ತೋರಿಸಿದ ಮೇಲೆ ನಿಮಗೇನು ನಾಚಿಕೆ!